ಕಾಲೇಜು ಕಟ್ಟಡಗಳು: ಕಟ್ಟಲು ಹಣವಿದೆ, ಕಾಪಾಡಲು ಇಲ್ಲ

2022ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯವಿದ್ದ ಭಾಗ ಕುಸಿದುಬಿತ್ತು. ನೂರು ವರ್ಷ ದಾಟಿದ ಕಟ್ಟಡ. ಆ ವರ್ಷ ಮಳೆ ಬಿಡುವು ಕೊಟ್ಟಿರಲಿಲ್ಲ. ಗೋಡೆಯ ಬಿರುಕು ಕಂಡ ಸಿಬ್ಬಂದಿ ವಿದ್ಯಾರ್ಥಿನಿಯರನ್ನು ಮುಂಚೆಯೇ ಹೊರಗೆ ಕಳುಹಿಸಿದ್ದರಿಂದ ಅಂದು ಯಾರ ಪ್ರಾಣಕ್ಕೂ ಕುತ್ತು ಬರಲಿಲ್ಲ. ಆದರೆ 2025ರ ಜನವರಿಯಲ್ಲಿ ಅದೇ ಆವರಣದ ಹಳೆಯ ಕಟ್ಟಡವನ್ನು ಕೆಡವುವಾಗ ಕಾರ್ಮಿಕರೊಬ್ಬರು ಅವಶೇಷಗಳಡಿ ಸಿಲುಕಿ ಸತ್ತರು. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ ಅವರು ಆರಂಭಿಸಿದ ಹೆಣ್ಣುಮಕ್ಕಳ ಶಾಲೆಯಿಂದ ಬೆಳೆದು ಬಂದ ಸಂಸ್ಥೆ ಅದು. ಈ ನಾಡಿನ ಎಷ್ಟೋ ಮನೆಗಳ ಮೊದಲ ಪದವೀಧರೆಯರು ಓದಿದ ಜಾಗ.

ಕುಸಿತಕ್ಕೆ ಕಾರಣ ಕೇಳಿದರೆ ‘ಕಟ್ಟಡ ಹಳೆಯದಾಗಿತ್ತು’ ಎಂಬ ಉತ್ತರ ತಟ್ಟನೆ ಸಿಗುತ್ತದೆ. ಅದನ್ನು ಒಪ್ಪಲು ನನಗೆ ಮನಸ್ಸಿಲ್ಲ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಶುರುವಾದದ್ದು. ಅದರ ಮುಖ್ಯ ಕಟ್ಟಡವನ್ನು ಕಾಲೇಜಿಗೆಂದು ಕಟ್ಟಿದ್ದೂ ಅಲ್ಲ, ಅದು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೇಂದ್ರ ಕಚೇರಿಯಾಗಿತ್ತು. ಅದರೊಳಗೆ ಇಂದಿಗೂ ಕಾಲೇಜು ನಡೆಯುತ್ತಿದೆ. ಕಲ್ಲು, ಇಟ್ಟಿಗೆ, ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ವಯಸ್ಸು ಶತ್ರುವಲ್ಲ, ನೀರು ಶತ್ರು. ತಾರಸಿಯ ಮೇಲೆ ಎಲೆ ಬಿದ್ದು ನೀರು ಹೊರಹೋಗುವ ಕೊಳವೆ ಕಟ್ಟಿಕೊಳ್ಳುತ್ತದೆ. ನಿಂತ ನೀರು ಗಾರೆಯೊಳಗೆ ಇಳಿಯುತ್ತದೆ. ಹಕ್ಕಿ ಹಿಕ್ಕೆಯಲ್ಲಿ ಬಂದ ಅರಳಿಯ ಬೀಜ ಬಿರುಕಿನಲ್ಲಿ ಮೊಳೆತು, ಬೇರು ಗೋಡೆಯ ಒಡಲಿಗೇ ಇಳಿಯುತ್ತದೆ. ಸಸಿ ಒಂದು ಗೇಣಿರುವಾಗ ಕಿತ್ತುಹಾಕಲು ಒಬ್ಬ ಮನುಷ್ಯ ಸಾಕು. ಮರವಾದ ಮೇಲೆ ಗೋಡೆಯನ್ನೇ ಬಿಚ್ಚಬೇಕು. ಎಷ್ಟೋ ಕಡೆ ಸೋರುವ ಹಳೆಯ ತಾರಸಿಗೆ ಸಿಮೆಂಟಿನ ಪದರ ಬಳಿದು ಕೈತೊಳೆದುಕೊಳ್ಳುತ್ತಾರೆ. ಸುಣ್ಣದ ಗಾರೆ ತೇವವನ್ನು ಹೀರಿ ಹೊರಬಿಡುವ ಗುಣವುಳ್ಳದ್ದು. ಮೇಲೆ ಸಿಮೆಂಟು ಮುಚ್ಚಿದರೆ ಒಳಗೆ ಸೇರಿದ ತೇವಕ್ಕೆ ಹೊರಬರಲು ದಾರಿ ಇರುವುದಿಲ್ಲ, ಹೊರಗಿನಿಂದ ಏನೂ ಕಾಣದಂತೆ ಗೋಡೆ ಒಳಗೊಳಗೇ ಸಡಿಲವಾಗುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹಳೆಯ ಕಟ್ಟಡಗಳಿಗೆ ಬಂದ ಗತಿ ಇನ್ನು ಕೆಲವೇ ವರ್ಷಗಳಲ್ಲಿ ಹೊಸ ಕಟ್ಟಡಗಳಿಗೂ ಬರಲಿದೆ, ಅದೂ ಒಂದೇ ಸಲಕ್ಕೆ.

ಕರ್ನಾಟಕದಲ್ಲಿ ಇಂದು 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇವುಗಳಲ್ಲಿ ದೊಡ್ಡ ಪಾಲು 2007ರ ಆಸುಪಾಸಿನಲ್ಲಿ ಮತ್ತು ಅದರ ನಂತರ ಹುಟ್ಟಿದವು. ಹೋಬಳಿ ಮಟ್ಟಕ್ಕೂ ಪದವಿ ಕಾಲೇಜು ಬಂದದ್ದು ಆಗಲೇ. ಆ ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂರಬೇಕಾಗಿದ್ದ ಲಕ್ಷಾಂತರ ಹುಡುಗಿಯರು ಬಿ.ಎ., ಬಿ.ಕಾಂ. ಓದಿದ್ದು ಈ ಕಾಲೇಜುಗಳಿಂದಲೇ. ಆದರೆ ಕಾಲೇಜು ಮೊದಲು ಬಂತು, ಕಟ್ಟಡ ಆಮೇಲೆ. ಪ್ರೌಢಶಾಲೆಯ ಎರಡು ಕೊಠಡಿಗಳಲ್ಲೋ ಪದವಿಪೂರ್ವ ಕಾಲೇಜಿನ ಆವರಣದಲ್ಲಿ ಪಾಳಿಯ ಮೇಲೋ ತರಗತಿಗಳು ಶುರುವಾದವು. ಸ್ವಂತ ಕಟ್ಟಡ ಸಿಕ್ಕಾಗ ಅದು ಹೆಚ್ಚಾಗಿ ಊರಿನಿಂದ ದೂರ, ಯಾರಿಗೂ ಬೇಡವಾಗಿದ್ದ ಗೋಮಾಳದಲ್ಲೋ ಗುಡ್ಡದ ಮಗ್ಗುಲಲ್ಲೋ ಎದ್ದು ನಿಂತಿತು. ಆ ಕಟ್ಟಡಗಳಿಗೆ ಈಗ ಹತ್ತು, ಹದಿನೈದು ವರ್ಷ. ಆರ್‌ಸಿಸಿ ತಾರಸಿಯ ನೀರುನಿರೋಧಕ ಪದರ ಕೈಕೊಡುವುದು ಈ ಪ್ರಾಯದಲ್ಲೇ. ನೀರು ಒಳಗಿನ ಕಂಬಿಯನ್ನು ಮುಟ್ಟಿದರೆ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಕಂಬಿ ಕಾಂಕ್ರೀಟನ್ನು ಸೀಳುತ್ತದೆ, ಛಾವಣಿಯ ಗಾರೆ ಹಪ್ಪಳೆಯಾಗಿ ತರಗತಿಯ ಬೆಂಚಿನ ಮೇಲೆ ಬೀಳುತ್ತದೆ. ರಾಜ್ಯದ ಉದ್ದಗಲಕ್ಕೂ ನೂರಾರು ಕಟ್ಟಡಗಳು ಹೆಚ್ಚುಕಡಿಮೆ ಒಟ್ಟಿಗೇ ದುರಸ್ತಿಯ ಪ್ರಾಯಕ್ಕೆ ಬರುತ್ತಿವೆ. ಅದಕ್ಕೆ ಸಿದ್ಧತೆ ಎಲ್ಲಿಯೂ ಕಾಣುತ್ತಿಲ್ಲ.

ಸಿದ್ಧತೆ ಯಾಕಿಲ್ಲ ಎಂಬುದು ಹಣ ಬರುವ ದಾರಿಯನ್ನು ನೋಡಿದರೆ ತಿಳಿಯುತ್ತದೆ. ಸರ್ಕಾರದ ಲೆಕ್ಕದಲ್ಲಿ ಕಟ್ಟಡ ಕಟ್ಟುವುದು ಬಂಡವಾಳ ವೆಚ್ಚ. ಸಂಬಳ ಸಾರಿಗೆ, ದುರಸ್ತಿ ಮುಂತಾದ ದಿನನಿತ್ಯದ ಖರ್ಚು ರಾಜಸ್ವ ವೆಚ್ಚ. ಹೊಸ ಕಟ್ಟಡಕ್ಕೆ ಹಣ ತರಲು ಹತ್ತು ಬಾಗಿಲುಗಳಿವೆ. ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಯ ಸಾಲವಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಶಾಸಕರ ನಿಧಿ ಇದೆ, ಕೇಂದ್ರದ ಯೋಜನೆಗಳಿವೆ. ಉನ್ನತ ಶಿಕ್ಷಣಕ್ಕೆಂದು ಕೇಂದ್ರ 2013ರಲ್ಲಿ ತಂದ ರೂಸಾ ಯೋಜನೆಯಲ್ಲಿ ಆಯ್ದ ಕಾಲೇಜಿಗೆ 2 ಕೋಟಿ ರೂಪಾಯಿ ಸಿಗುತ್ತಿತ್ತು. ಅದನ್ನು ಹೊಸ ನಿರ್ಮಾಣಕ್ಕೆ ಶೇ 35, ನವೀಕರಣಕ್ಕೆ ಶೇ 35, ಉಪಕರಣಗಳಿಗೆ ಶೇ 30 ಎಂದು ಹಂಚಿ ಖರ್ಚು ಮಾಡಬೇಕಿತ್ತು. ನವೀಕರಣಕ್ಕೂ ಪಾಲು ಕೊಟ್ಟ ಈ ಸೂತ್ರ ಒಳ್ಳೆಯದೇ. ಆದರೆ ಅದು ಒಂದು ಸಲದ ಹಣ. 2023ರಲ್ಲಿ ರೂಸಾ ಪಿಎಂ–ಉಷಾ ಆಯಿತು, ಮೂರು ವರ್ಷಗಳಿಗೆ ದೇಶಕ್ಕೆಲ್ಲ ಸೇರಿ 12,926 ಕೋಟಿ ರೂಪಾಯಿ ಗೊತ್ತುಮಾಡಿದರು. ಅದೂ ಅರ್ಜಿ ಹಾಕಿ, ಆಯ್ಕೆಯಾಗಿ, ಕಂತಿನಲ್ಲಿ ಪಡೆದು, ಬಳಕೆ ಪ್ರಮಾಣಪತ್ರ ಕೊಟ್ಟು ಮುಗಿಸುವ ಹಣವೇ. ಹತ್ತು ವರ್ಷದ ನಂತರ ತಾರಸಿ ಸೋರಿದರೆ ಯಾವ ಬಾಗಿಲು ತಟ್ಟಬೇಕು? ಗುದ್ದಲಿ ಪೂಜೆಗೆ ಹಾರ ಹಿಡಿದು ಬರುವವರು ತಾರಸಿಯ ಕೊಳವೆ ಬಿಡಿಸುವ ದಿನ ಬರುವುದಿಲ್ಲ.

ಕಟ್ಟುವವರೂ ಒಬ್ಬರಲ್ಲ. ಒಂದೇ ಆವರಣದಲ್ಲಿ ಹಳೆಯ ಕಟ್ಟಡ ಲೋಕೋಪಯೋಗಿ ಇಲಾಖೆಯದ್ದು, ಪಕ್ಕದ ಎರಡು ಕೊಠಡಿ ಮೊದಲು ಭೂಸೇನಾ ನಿಗಮ ಎನ್ನುತ್ತಿದ್ದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮದ್ದು, ಮಹಡಿ ಗೃಹ ಮಂಡಳಿಯದ್ದು, ಶೌಚಾಲಯ ನಿರ್ಮಿತಿ ಕೇಂದ್ರದ್ದು ಆಗಿರಬಹುದು. ಪ್ರತಿಯೊಬ್ಬರೂ ಹಸ್ತಾಂತರ ಪತ್ರಕ್ಕೆ ಪ್ರಾಂಶುಪಾಲರ ಸಹಿ ಪಡೆದು ಹೋಗಿರುತ್ತಾರೆ. ಪ್ರಾಂಶುಪಾಲರು ಎಂದರೆ ಇಂಗ್ಲಿಷೋ ಸಸ್ಯಶಾಸ್ತ್ರವೋ ಕಲಿಸುತ್ತ ಬಂದವರು. ಕಾಂಕ್ರೀಟಿನ ಗುಣಮಟ್ಟ ಅವರು ಹೇಗೆ ಬಲ್ಲರು? ನೀರಿನ ಕೊಳವೆ ಯಾವ ಗೋಡೆಯೊಳಗೆ ಹೋಗಿದೆ ಎಂದು ತೋರಿಸುವ ನಕ್ಷೆಯೂ ಎಷ್ಟೋ ಕಾಲೇಜುಗಳ ಕಚೇರಿಯಲ್ಲಿ ಇರುವುದಿಲ್ಲ. ದುರಸ್ತಿಗೆ ಪತ್ರ ಬರೆದರೆ ಅಂದಾಜು ಪಟ್ಟಿ, ಕ್ರಿಯಾ ಯೋಜನೆ, ಆಡಳಿತಾತ್ಮಕ ಅನುಮೋದನೆ, ಟೆಂಡರ್ ಎಂಬ ಮೆಟ್ಟಿಲುಗಳನ್ನು ಹತ್ತುವಷ್ಟರಲ್ಲಿ ಇನ್ನೊಂದು ಮಳೆಗಾಲ ಮುಗಿದಿರುತ್ತದೆ.

ಇದೆಲ್ಲದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡಬೇಕಾದರೆ ಕಾಲೇಜಿನ ಮುಂಭಾಗ ಬಿಟ್ಟು ಹಿಂಭಾಗಕ್ಕೆ, ಹುಡುಗಿಯರ ಶೌಚಾಲಯದ ಕಡೆಗೆ ಹೋಗಬೇಕು.

ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಪ್ರಕಾರ ಹಾಸ್ಟೆಲ್ ಇಲ್ಲದ ಶಿಕ್ಷಣ ಸಂಸ್ಥೆಯಲ್ಲಿ 25 ಹುಡುಗಿಯರಿಗೆ ಒಂದು ಶೌಚಾಲಯ ಇರಬೇಕು, ತಲೆಗೆ ದಿನಕ್ಕೆ 45 ಲೀಟರ್ ನೀರು ಬೇಕು. ಲೆಕ್ಕ ಹಾಕಿ ನೋಡೋಣ. 800 ಹುಡುಗಿಯರು ಓದುವ ಕಾಲೇಜಿಗೆ 32 ಶೌಚಾಲಯ, ದಿನಕ್ಕೆ 36,000 ಲೀಟರ್ ನೀರು. ತಾಲ್ಲೂಕಿನ ಒಂದು ಸಾಮಾನ್ಯ ಕಾಲೇಜಿನಲ್ಲಿ ಕಾಣುವುದು ಆರೋ ಎಂಟೋ ಬಾಗಿಲುಗಳ ಒಂದು ಸಾಲು. ಅದರಲ್ಲಿ ಎರಡಕ್ಕೆ ಬೀಗ. ಒಂದು ಅಧ್ಯಾಪಕಿಯರಿಗೆ, ಇನ್ನೊಂದು ಕೆಟ್ಟು ನಿಂತದ್ದು. ಉಳಿದವುಗಳಲ್ಲಿ ಒಂದಕ್ಕೆ ಚಿಲಕವಿಲ್ಲ, ಒಬ್ಬಳು ಒಳಗಿದ್ದರೆ ಗೆಳತಿ ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಮೇಲೆ ಸಾವಿರ ಲೀಟರಿನ ಎರಡು ಸಿಂಟೆಕ್ಸ್ ಟ್ಯಾಂಕ್. ಮೋಟಾರಿನ ಸ್ವಿಚ್ ಕಚೇರಿಯೊಳಗೆ. ಅದನ್ನು ಒತ್ತುವ ಡಿ ದರ್ಜೆ ನೌಕರರು ಬ್ಯಾಂಕಿಗೋ ಖಜಾನೆಗೋ ಹೋಗಿದ್ದರೆ ಹನ್ನೊಂದೂವರೆಗೆ ನಲ್ಲಿಯಲ್ಲಿ ನೀರು ನಿಂತಿತು. ಮೂಲೆಯಲ್ಲಿ ನ್ಯಾಪ್‌ಕಿನ್ ಸುಡುವ ಯಂತ್ರ ಗೋಡೆಗೆ ನೇತಾಡುತ್ತಿರುತ್ತದೆ, ಪಕ್ಕದ ಪ್ಲಗ್‌ಗೆ ವಿದ್ಯುತ್ ಇರುವುದಿಲ್ಲ. ಮುಚ್ಚಳದ ಒಂದು ಕಸದ ಬುಟ್ಟಿಯಾದರೂ ಇದೆಯೇ ಎಂದರೆ ಅದೂ ಇಲ್ಲ.

ಇಂಥ ಕಡೆ ಹುಡುಗಿಯರು ಏನು ಮಾಡುತ್ತಾರೆ? ನೀರು ಕುಡಿಯುವುದನ್ನೇ ಬಿಡುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿದು, ದೂರದ ಹಳ್ಳಿಗಳಿಂದ ಬರುವವರಿಗೆ ಹಾದಿ ಸುಲಭವಾಯಿತು. ಸಂತೋಷದ ವಿಷಯ. ಆದರೆ ಊರಿಗೆ ಇರುವುದು ಬೆಳಿಗ್ಗೆ ಏಳರ ಒಂದೇ ಬಸ್ಸಾದರೆ, ಹಿಂದಿರುಗುವುದು ಸಂಜೆ ಐದರ ಬಸ್ಸಿಗಾದರೆ, ಆ ಹತ್ತು ಗಂಟೆಗಳ ಕಾಲ ಒಬ್ಬ ಹುಡುಗಿಗೆ ಬೇಕಾದ ನೀರು, ಶೌಚಾಲಯ, ಬುತ್ತಿ ಬಿಚ್ಚಿ ಕೂರಲು ನೆರಳು ಎಲ್ಲವನ್ನೂ ಕಾಲೇಜೇ ಒದಗಿಸಬೇಕು. ನಮ್ಮ ಕಾಲೇಜುಗಳ ನಕ್ಷೆಗಳು ತಯಾರಾದದ್ದು ಪಾಠ ಮುಗಿದ ಕೂಡಲೇ ಮನೆಗೆ ನಡೆದು ಹೋಗುವ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಅಂಥ ವಿದ್ಯಾರ್ಥಿ ಈಗ ಸರ್ಕಾರಿ ಕಾಲೇಜಿನಲ್ಲಿ ಅಪರೂಪ. ಮೂತ್ರನಾಳದ ಸೋಂಕು, ತಿಂಗಳಿಗೆ ನಾಲ್ಕು ದಿನದ ಗೈರುಹಾಜರಿ, ಶೇ 75ರ ಹಾಜರಾತಿ ಇಲ್ಲವೆಂದು ಪರೀಕ್ಷೆಯ ಹೊತ್ತಿಗೆ ಕಣ್ಣೀರು, ಇವೆಲ್ಲ ಒಂದು ಚಿಲಕ ಮತ್ತು ಒಂದು ಮೋಟಾರ್ ಸ್ವಿಚ್ಚಿನಿಂದ ಶುರುವಾಗುತ್ತವೆ ಎಂದರೆ ಅತಿಶಯೋಕ್ತಿಯಲ್ಲ.

ಪ್ರಯೋಗಾಲಯ ಮತ್ತು ಗ್ರಂಥಾಲಯದ ಕಥೆಯಲ್ಲೂ ಇದೇ ಎಳೆ. ಕೊಠಡಿ ಇದೆ, ಅದನ್ನು ನಡೆಸುವವರಿಲ್ಲ. ಗ್ರಂಥಪಾಲಕರ ಹುದ್ದೆ ಖಾಲಿ ಇರುವ ಕಡೆ ಯಾರಾದರೂ ಅಧ್ಯಾಪಕರು ತಮ್ಮ ಪಾಠದ ನಡುವೆ ಒಂದು ಗಂಟೆ ಬೀಗ ತೆಗೆಯುತ್ತಾರೆ. ಓದುವ ಮೇಜುಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಗೇ ಉಳಿದಿರುತ್ತದೆ. ಕಾಲೇಜುಗಳಿಗೆಂದೇ 2010ರಲ್ಲಿ ಶುರುವಾದ ಎನ್–ಲಿಸ್ಟ್ ಸೌಲಭ್ಯದಲ್ಲಿ ಸಾವಿರಾರು ಇ–ನಿಯತಕಾಲಿಕೆಗಳು, ಲಕ್ಷಗಟ್ಟಲೆ ಇ–ಪುಸ್ತಕಗಳು ಮೊಬೈಲಿನಲ್ಲೇ ಸಿಗುತ್ತವೆ; ಆದರೆ ವಿದ್ಯಾರ್ಥಿಗೆ ಲಾಗಿನ್ ಕೊಡಬೇಕಾದವರು ಗ್ರಂಥಪಾಲಕರೇ. ಅವರಿಲ್ಲದಿದ್ದರೆ ಆ ಬಾಗಿಲೂ ಮುಚ್ಚಿತು. 2021ರಲ್ಲಿ ಸರ್ಕಾರಿ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟರು. ತರಗತಿಯಲ್ಲಿ ಅದನ್ನು ಚಾರ್ಜ್ ಮಾಡಲು ಪ್ಲಗ್ ಎಲ್ಲಿತ್ತು? ಅರವತ್ತು ಜನ ಕೂರುವ ಕೊಠಡಿಗಳಲ್ಲಿ ಅಧ್ಯಾಪಕರ ಮೇಜಿನ ಪಕ್ಕದ ಒಂದು ಪ್ಲಗ್ ಬಿಟ್ಟರೆ ಬೇರೆ ಇರುವುದು ಅಪರೂಪ.

ಪಠ್ಯಕ್ರಮ ಬದಲಿಸುವವರಿಗೆ ಕೊಠಡಿಗಳ ಲೆಕ್ಕ ನೆನಪಿಗೆ ಬರುವುದೂ ತಡವಾಗಿಯೇ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, ಮುಕ್ತ ಐಚ್ಛಿಕ ವಿಷಯಗಳು ಬಂದವು. ಒಂದೇ ಗಂಟೆಗೆ ಒಂದು ತರಗತಿಯನ್ನು ಐದಾರು ಗುಂಪಾಗಿ ಒಡೆದು ಕೂರಿಸಬೇಕಾಯಿತು. 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಹಿಂದಿರುಗಿತು, ನಡುವೆ ಸೇರಿದವರಿಗೆ ನಾಲ್ಕನೇ ವರ್ಷದ ಅವಕಾಶ ಉಳಿಯಿತು. ಇಷ್ಟೂ ಬದಲಾವಣೆಗಳು ಆದದ್ದು ಅವೇ ಎಂಟು ಹತ್ತು ಕೊಠಡಿಗಳಲ್ಲಿ.

ಕಟ್ಟಡದ ವಿನ್ಯಾಸದ ಬಗ್ಗೆಯೂ ಒಂದು ಮಾತು. ಒಂದು ಮಾದರಿ ನಕ್ಷೆ ತಯಾರಿಸಿ ರಾಜ್ಯದಲ್ಲೆಲ್ಲ ಅದನ್ನೇ ಎಬ್ಬಿಸುವ ಅಭ್ಯಾಸ ನಮ್ಮಲ್ಲಿದೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ರಾಯಚೂರಿನಲ್ಲಿ ಅದರ ಐದನೆಯ ಒಂದು ಭಾಗವೂ ಅನುಮಾನ. ಎರಡೂ ಕಡೆ ಅದೇ ಚಪ್ಪಟೆ ತಾರಸಿ. ಕಾರವಾರದಲ್ಲಿ ಕೆಲವೇ ವರ್ಷಗಳಲ್ಲಿ ತಾರಸಿಯ ಮೇಲೆ ತಗಡಿನ ಮಾಡು ಹೊದಿಸಬೇಕಾಗುತ್ತದೆ. ಕಲಬುರಗಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಮೇಲಿನ ಮಹಡಿಯಲ್ಲಿ ಕೂರಲಾಗದೆ ಮರದ ಕೆಳಗೆ ಪಾಠ ನಡೆಯುತ್ತದೆ. ಹಿಂದಿನವರಿಗೆ ಇದು ಗೊತ್ತಿತ್ತು. ಮೈಸೂರಿನ ಮಹಾರಾಜ ಕಾಲೇಜಿನ ಎತ್ತರದ ಛಾವಣಿ, ದಪ್ಪ ಗೋಡೆ, ಕಂಬಗಳ ಉದ್ದನೆಯ ಪಡಸಾಲೆ ಇವೆಲ್ಲ ಬರಿಯ ಶೋಭೆಗೆ ಬಂದದ್ದಲ್ಲ. ಬಿಸಿಲು ಗೋಡೆಗೆ ನೇರವಾಗಿ ಬೀಳದಂತೆ, ಗಾಳಿ ಅಡ್ಡಲಾಗಿ ಹಾಯುವಂತೆ, ಇಬ್ಬರು ನಿಂತು ಮಾತನಾಡಲು ಜಾಗವಿರುವಂತೆ ಮಾಡಿದ ಏರ್ಪಾಡು. ಈಗಿನ ನಕ್ಷೆಯಲ್ಲಿ ಪಡಸಾಲೆಯನ್ನು ಕಿರಿದುಗೊಳಿಸಿ ಚದರಡಿ ಉಳಿಸುತ್ತೇವೆ.

ಇನ್ನು ಅಂಗವಿಕಲ ವಿದ್ಯಾರ್ಥಿಗಳ ವಿಚಾರ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಉನ್ನತ ಶಿಕ್ಷಣದಲ್ಲಿ ಅವರಿಗೆ ಶೇ 5ರಷ್ಟು ಸೀಟು ಮೀಸಲು ಎಂದಿತು. ನಿಯಮಗಳು ಪ್ರಕಟವಾದ 2017ರ ಜೂನ್‌ನಿಂದ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಅವರು ಬಳಸುವಂತೆ ಮಾಡಬೇಕೆಂದೂ ಹೇಳಿತು. ಗಡುವು ಮುಗಿದದ್ದು 2022ರಲ್ಲಿ. ಕಾಲೇಜಿನ ಮುಂದೆ ಇಳಿಜಾರು ದಾರಿ ಇರುತ್ತದೆ, ನಿಜ. ಆದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕೆಂಬುದು ಮಾನದಂಡ. ನಾಲ್ಕೈದು ಅಡಿಯಲ್ಲೇ ಎರಡಡಿ ಏರುವ ಇಳಿಜಾರನ್ನು ಗಾಲಿಕುರ್ಚಿಯಲ್ಲಿ ಯಾರೂ ತಾವಾಗಿ ಹತ್ತಲಾರರು, ಇಳಿಯುವಾಗ ಮುಗ್ಗರಿಸುವುದಂತೂ ಖಚಿತ. ಅದನ್ನು ದಾಟಿ ಒಳಗೆ ಬಂದರೂ ಪ್ರಯೋಗಾಲಯ, ಗ್ರಂಥಾಲಯಗಳು ಮೊದಲ ಮಹಡಿಯಲ್ಲಿ. ಪ್ರವೇಶಾವಕಾಶದ ನಿಯಮಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅದನ್ನು ಜಾರಿ ಮಾಡಲು ಲಿಫ್ಟ್ ಬೇಕೆಂದು ಕಾಯಬೇಕಿಲ್ಲ. ಅಂಥ ವಿದ್ಯಾರ್ಥಿ ಸೇರಿದ ವರ್ಷ ಆ ತರಗತಿಯನ್ನು ನೆಲಮಹಡಿಗೆ ತಂದರೆ ಅರ್ಧ ಕೆಲಸ ಮುಗಿಯಿತು, ಅದಕ್ಕೆ ಬೇಕಿರುವುದು ವೇಳಾಪಟ್ಟಿ ಬರೆಯುವವರ ಕಾಳಜಿ ಮಾತ್ರ.

ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್ ಕೊಡುವ ಮಾನ್ಯತೆ ಇದನ್ನೆಲ್ಲ ಸರಿಪಡಿಸುತ್ತದೆಂಬ ನಿರೀಕ್ಷೆ ಇತ್ತು. ಸಾವಿರ ಅಂಕಗಳಲ್ಲಿ ನೂರು ಅಂಕ ಮೂಲಸೌಕರ್ಯ ಮತ್ತು ಕಲಿಕಾ ಸಂಪನ್ಮೂಲಗಳಿಗೆ ಇತ್ತು. ಆ ಒತ್ತಡದಿಂದಲೇ ಹಲವು ಸರ್ಕಾರಿ ಕಾಲೇಜುಗಳು ಮೊದಲ ಬಾರಿಗೆ ತಮ್ಮ ಆಸ್ತಿಪಾಸ್ತಿಯ ಪಟ್ಟಿ ಬರೆದವು ಎಂಬುದು ದೊಡ್ಡ ಉಪಕಾರ. ಆದರೆ ವರದಿಗೆ ಸ್ಥಳದ ಗುರುತಿರುವ ಫೋಟೊ ಲಗತ್ತಿಸಿದರೆ ಇಳಿಜಾರು ದಾರಿ ಇದೆ ಎಂದು ಸಾಬೀತಾಯಿತು, ಶೌಚಾಲಯ ಇದೆ ಎಂದೂ ಸಾಬೀತಾಯಿತು. ನಲ್ಲಿಯಲ್ಲಿ ನೀರು ಎಷ್ಟು ಗಂಟೆ ಬರುತ್ತದೆ, ಗ್ರಂಥಾಲಯದ ಬೀಗ ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಫೋಟೊದಲ್ಲಿ ಕಾಣುವುದಿಲ್ಲ. ಇದೆಯೇ ಎಂದು ಕೇಳುವ ಬದಲು ಎಷ್ಟು ಹೊತ್ತು ನಡೆಯುತ್ತದೆ ಎಂದು ಕೇಳಿದರೆ ಚಿತ್ರವೇ ಬೇರೆಯಾಗುತ್ತಿತ್ತು.

ಹೊಸ ವಿಶ್ವವಿದ್ಯಾಲಯಗಳ ಅನುಭವವೂ ಇಲ್ಲಿ ಪಾಠವಾಗಬೇಕು. ಹಾವೇರಿ, ಹಾಸನ, ಕೊಪ್ಪಳ, ಕೊಡಗು, ಚಾಮರಾಜನಗರ, ಬಾಗಲಕೋಟೆ, ಬೀದರ್ ಹೀಗೆ ಏಳು ಕಡೆ ಇದ್ದ ಸ್ನಾತಕೋತ್ತರ ಕೇಂದ್ರಗಳನ್ನೇ ಮೇಲ್ದರ್ಜೆಗೇರಿಸಿ, ತಲಾ 2 ಕೋಟಿ ರೂಪಾಯಿಯ ಆಸರೆಯಲ್ಲಿ ವಿಶ್ವವಿದ್ಯಾಲಯ ಎಂಬ ಫಲಕ ಹಾಕಲಾಯಿತು. 2025ರ ಫೆಬ್ರುವರಿಯ ಹೊತ್ತಿಗೆ ಸಚಿವ ಸಂಪುಟದ ಉಪಸಮಿತಿ ಇವುಗಳಲ್ಲಿ ಹೆಚ್ಚಿನವೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಮುಚ್ಚಬೇಕೋ ಬೇಡವೋ ಎಂಬ ವಾದದಲ್ಲಿ ಎರಡೂ ಕಡೆಯವರು ಜಿಲ್ಲೆಯ ಅಭಿಮಾನ, ಹಿಂದಿನ ಸರ್ಕಾರ, ಈಗಿನ ಸರ್ಕಾರ ಎಂದು ಮಾತನಾಡಿದರು. ಅಲ್ಲಿ ಎಂ.ಎಸ್ಸಿ. ಓದುವ ಹುಡುಗಿಗೆ ಪ್ರಯೋಗಾಲಯದಲ್ಲಿ ಸ್ಪೆಕ್ಟ್ರೋಮೀಟರ್ ಇದೆಯೇ ಎಂಬ ಪ್ರಶ್ನೆಗೆ ಆ ಗದ್ದಲದಲ್ಲಿ ಜಾಗ ಸಿಗಲಿಲ್ಲ.

ಪರಿಹಾರಗಳು ದೊಡ್ಡವಲ್ಲ. ಪ್ರತಿ ಕಾಲೇಜಿನ ಕಟ್ಟಡದ ಮೌಲ್ಯದ ಶೇ 1ರಷ್ಟನ್ನಾದರೂ ಪ್ರತಿವರ್ಷ ನಿರ್ವಹಣೆಗೆಂದೇ, ಬೇರೆಯದಕ್ಕೆ ತಿರುಗಿಸಲಾಗದಂತೆ ಬಜೆಟ್ಟಿನಲ್ಲಿ ತೆಗೆದಿಡಬೇಕು. ತಾಲ್ಲೂಕಿನ ಸರ್ಕಾರಿ ಪದವಿ, ಪದವಿಪೂರ್ವ, ಪಾಲಿಟೆಕ್ನಿಕ್ ಎಲ್ಲಕ್ಕೂ ಸೇರಿ ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಕಿರಿಯ ಎಂಜಿನಿಯರ್ ಇರಲಿ. ಮೇ ತಿಂಗಳಲ್ಲಿ, ಮಳೆ ಬರುವ ಮುಂಚೆ, ಅವರು ಪ್ರತಿಯೊಂದು ತಾರಸಿಗೂ ಹತ್ತಿ ನೋಡಿ ಬರಹದಲ್ಲಿ ವರದಿ ಕೊಡಲಿ. ಕಟ್ಟಡ ಕಟ್ಟಿದ ಸಂಸ್ಥೆಗೆ ಮೊದಲ ಐದು ವರ್ಷದ ಸೋರಿಕೆಯ ಹೊಣೆ ಒಪ್ಪಂದದಲ್ಲೇ ಇರಲಿ. ರಸ್ತೆ ಕಾಮಗಾರಿಗಳಲ್ಲಿ ಈ ಪದ್ಧತಿ ಈಗಾಗಲೇ ಇದೆ. ಹೊಸ ಕಟ್ಟಡದ ಪ್ರಸ್ತಾವ ಬಂದಾಗ ಅದನ್ನು ತೆರೆದಿಡುವ, ತೊಳೆಯುವ ಸಿಬ್ಬಂದಿಯ ಮಂಜೂರಾತಿಯೂ ಅದೇ ಕಡತದಲ್ಲಿ ಬರಲಿ. ವಾರ್ಡನ್ ಹುದ್ದೆಯಿಲ್ಲದೆ ಕಟ್ಟಿದ ಹಾಸ್ಟೆಲ್ ಯಾರ ಉಪಯೋಗಕ್ಕೂ ಬರುವುದಿಲ್ಲ.

ಇದಿಷ್ಟೂ ಬೆಂಗಳೂರಿನಿಂದ ಬರಬೇಕಾದ್ದು, ತಡವಾಗುತ್ತದೆ. ಅಷ್ಟರಲ್ಲಿ ಊರಿನಲ್ಲೇ ಆಗುವ ಕೆಲಸವೊಂದಿದೆ. ಪ್ರತಿ ಸರ್ಕಾರಿ ಕಾಲೇಜಿಗೂ ಕಾಲೇಜು ಅಭಿವೃದ್ಧಿ ಸಮಿತಿ ಇರುತ್ತದೆ, ಕ್ಷೇತ್ರದ ಶಾಸಕರೇ ಅಧ್ಯಕ್ಷರು. ವಿದ್ಯಾರ್ಥಿಗಳಿಂದ ಪ್ರವೇಶದ ವೇಳೆ ಪಡೆಯುವ ಅಭಿವೃದ್ಧಿ ಶುಲ್ಕ ಖರ್ಚಾಗುವುದು ಆ ಸಮಿತಿಯ ಒಪ್ಪಿಗೆಯಿಂದ. ಶಾಸಕರಿಗೆ ಬಿಡುವಿಲ್ಲದೆ ಸಭೆ ಮುಂದೂಡಿದರೆ ಬೀಗ, ಚಿಲಕ, ನಲ್ಲಿಗಳ ದುರಸ್ತಿಯೂ ಮುಂದಕ್ಕೆ ಹೋಗುತ್ತದೆ. ಪೋಷಕರು, ಹಳೆಯ ವಿದ್ಯಾರ್ಥಿಗಳು, ಈಗ ಓದುತ್ತಿರುವವರು ಯಾರು ಬೇಕಾದರೂ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಕಟ್ಟಿ ಮೂರು ಪ್ರಶ್ನೆ ಕೇಳಬಹುದು: ಕಳೆದ ಮೂರು ವರ್ಷಗಳಲ್ಲಿ ಸಮಿತಿಯ ಸಭೆ ಎಷ್ಟು ಸಲ ನಡೆಯಿತು, ವಿದ್ಯಾರ್ಥಿಗಳಿಂದ ಬಂದ ಹಣ ಎಷ್ಟು, ಅದರಲ್ಲಿ ನೀರು ಮತ್ತು ಶೌಚಾಲಯಕ್ಕೆ ಹೋದದ್ದೆಷ್ಟು. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಹಾಕಲು ಏಪ್ರಿಲ್ ತಿಂಗಳು ಒಳ್ಳೆಯದು. ಉತ್ತರ ಕೈಗೆ ಬಂದಾಗ ಮಳೆಗೆ ಇನ್ನೂ ಕೆಲವು ವಾರ ಉಳಿದಿರುತ್ತವೆ.